ಗಗನ್ ಕಾವಲಿದ್ದೂ ಜಿಪಿಎಸ್ ಸುಳ್ಳು ಹೇಳಿದ್ದು ಹೇಗೆ?

2025ರ ನವೆಂಬರ್‌ನಲ್ಲಿ ದೆಹಲಿಯ ಇಂದಿರಾ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸುತ್ತ ಜಿಪಿಎಸ್ ಸ್ಪೂಫಿಂಗ್, ಅಂದರೆ ಸುಳ್ಳು ಸಂಕೇತ ಕಳಿಸಿ ರಿಸೀವರ್‌ಗೆ ಮೋಸ ಮಾಡುವ ಕೆಲಸ, ನಡೆದಿದೆ ಎಂಬ ಸುದ್ದಿ ಹರಡಿತು. ಡಿಸೆಂಬರ್ ಮೊದಲಲ್ಲಿ ನಾಗರಿಕ ವಿಮಾನಯಾನ ಸಚಿವ ರಾಮ್ ಮೋಹನ್ ನಾಯ್ಡು ಅವರು ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ಅದನ್ನು ಒಪ್ಪಿಕೊಂಡರು. 10ನೇ ರನ್‌ವೇಗೆ ಜಿಪಿಎಸ್ ಆಧರಿಸಿ ಇಳಿಯಲು ಬರುತ್ತಿದ್ದ ಕೆಲವು ವಿಮಾನಗಳಿಗೆ ಸುಳ್ಳು ಸಂಕೇತ ಸಿಕ್ಕಿತ್ತು, ಪರ್ಯಾಯ ಕ್ರಮ ಬಳಸಿ ಅವುಗಳನ್ನು ಇಳಿಸಲಾಯಿತು, ನೆಲದ ಉಪಕರಣಗಳು ಕೆಲಸ ಮಾಡುತ್ತಿದ್ದ ಇತರ ರನ್‌ವೇಗಳಿಗೆ ತೊಂದರೆಯಾಗಲಿಲ್ಲ ಎಂಬುದು ಆ ಉತ್ತರದ ಸಾರ. ಕೋಲ್ಕತ್ತ, ಅಮೃತಸರ, ಮುಂಬೈ, ಹೈದರಾಬಾದ್, ಚೆನ್ನೈ ಮತ್ತು ಬೆಂಗಳೂರಿನಿಂದಲೂ ಸಂಕೇತಕ್ಕೆ ಅಡಚಣೆಯಾದ ವರದಿಗಳು ಬಂದಿವೆ ಎಂದೂ ಅದರಲ್ಲಿತ್ತು.

ಈ ಸುದ್ದಿ ಓದಿದ ಹಲವರಿಗೆ ಒಂದು ಗೊಂದಲ ಕಾಡಿದೆ. ವಿಮಾನಗಳಿಗೆ ಜಿಪಿಎಸ್ ಸಂಕೇತವನ್ನು ನಂಬಬಹುದೇ ಇಲ್ಲವೇ ಎಂದು ಕೆಲವೇ ಸೆಕೆಂಡುಗಳಲ್ಲಿ ತಿಳಿಸಲೆಂದೇ ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ₹774 ಕೋಟಿ ವೆಚ್ಚದಲ್ಲಿ ‘ಗಗನ್’ ವ್ಯವಸ್ಥೆ ಕಟ್ಟಿವೆ. 2021ರ ಜುಲೈ 1ರ ನಂತರ ಭಾರತದಲ್ಲಿ ನೋಂದಣಿಯಾಗುವ ವಿಮಾನಗಳಲ್ಲಿ ಅದನ್ನು ಬಳಸುವ ರಿಸೀವರ್ ಇರಬೇಕೆಂಬ ನಿಯಮವೂ ಬಂದಿದೆ. ಇಷ್ಟೆಲ್ಲ ಕಾವಲಿದ್ದೂ ಸುಳ್ಳು ಸಂಕೇತ ವಿಮಾನದೊಳಗೆ ನುಸುಳಿದ್ದು ಹೇಗೆ? ಗಗನ್ ಕೆಟ್ಟಿತ್ತೇ?

ಗಗನ್ ಸರಿಯಾಗಿದ್ದರೂ ಇದು ನಡೆಯಬಹುದು. ರಿಸೀವರ್‌ಗಳಿಗೆ ಇರುವ ಸುರಕ್ಷತಾ ಮಾನದಂಡಗಳು ಯಾವ ಅಪಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು ಎಂಬುದನ್ನು ನೋಡಿದರೆ ಇದರ ಕಾರಣ ತಿಳಿಯುತ್ತದೆ.

ನಿಖರತೆ ಬೇರೆ, ನಂಬಿಕೆ ಬೇರೆ

ವಿಮಾನಯಾನದ ಮಾನದಂಡಗಳಲ್ಲಿ ‘ಇಂಟೆಗ್ರಿಟಿ’ ಎಂಬ ಪದಕ್ಕೆ ಬಿಗಿಯಾದ ಅರ್ಥವಿದೆ. ಸ್ಥಾನ ಎಷ್ಟು ಸರಿಯಾಗಿದೆ ಎನ್ನುವುದು ನಿಖರತೆ. ಸ್ಥಾನ ತಪ್ಪಿದಾಗ ‘ನನ್ನನ್ನು ನಂಬಬೇಡಿ’ ಎಂದು ಉಪಕರಣ ತಾನಾಗಿಯೇ, ಹೊತ್ತು ಮೀರುವ ಮೊದಲೇ ಹೇಳುತ್ತದೆಯೇ ಎನ್ನುವುದು ಇಂಟೆಗ್ರಿಟಿ. ಮೊಬೈಲ್ ಫೋನು ಹತ್ತು ಸಲ ಸರಿಯಾದ ದಾರಿ ತೋರಿಸಿ ಒಮ್ಮೆ ಪಕ್ಕದ ರಸ್ತೆ ತೋರಿಸಿದರೆ ಕಣ್ಣೆದುರಿನ ರಸ್ತೆ ಆ ತಪ್ಪನ್ನು ತಿದ್ದುತ್ತದೆ. ಮೋಡದೊಳಗಿಂದ ಇಳಿಯುತ್ತಿರುವ ವಿಮಾನದ ಮುಂದೆ ಅಂಥ ರಸ್ತೆ ಇರುವುದಿಲ್ಲ.

ಆದ್ದರಿಂದ ವಿಮಾನದ ರಿಸೀವರ್ ಪ್ರತಿ ಕ್ಷಣ ಎರಡು ಲೆಕ್ಕ ಮಾಡುತ್ತದೆ. ಮೊದಲನೆಯದು ತಾನಿರುವ ಸ್ಥಾನ. ಎರಡನೆಯದು, ಆ ಸ್ಥಾನ ತಪ್ಪಿದ್ದರೂ ಎಷ್ಟು ಮೀಟರಿಗಿಂತ ಹೆಚ್ಚು ತಪ್ಪಿರಲಾರದು ಎಂಬ ಹೊರಮಿತಿ. ಇದನ್ನು ರಕ್ಷಣಾ ಮಟ್ಟ ಎನ್ನಬಹುದು. ಹಾರಾಟದ ಒಂದೊಂದು ಹಂತಕ್ಕೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ತನ್ನ ಅನುಬಂಧ 10ರಲ್ಲಿ ಎಚ್ಚರಿಕೆಯ ಮಿತಿ ನಿಗದಿ ಮಾಡಿದೆ. ದೂರದ ಮಾರ್ಗದಲ್ಲಿ ಹಾರುವಾಗ ಅದು ಕಿಲೋಮೀಟರುಗಳಲ್ಲಿದ್ದರೆ, ಎತ್ತರದ ಮಾರ್ಗದರ್ಶನವಿಲ್ಲದ ಸಾಮಾನ್ಯ ಇಳಿಕೆಯಲ್ಲಿ 556 ಮೀಟರ್, ಗಗನ್ ನೆರವಿನ ಇಳಿಕೆಯಲ್ಲಿ ಅಡ್ಡಲಾಗಿ 40 ಮೀಟರ್ ಮತ್ತು ಎತ್ತರದಲ್ಲಿ 50 ಮೀಟರ್. ರಕ್ಷಣಾ ಮಟ್ಟ ಈ ಮಿತಿಯನ್ನು ದಾಟಿದೊಡನೆ ರಿಸೀವರ್ ಬಾವುಟ ಎತ್ತಬೇಕು, ಪೈಲಟ್ ಆ ಇಳಿಕೆಯನ್ನು ಕೈಬಿಡಬೇಕು.

ಒಂದು ಉದಾಹರಣೆ ನೋಡೋಣ. ವಿಮಾನದ ಎತ್ತರದಲ್ಲಿ ನಿಜವಾದ ತಪ್ಪು ಬರೀ ಎರಡು ಮೀಟರ್ ಇದೆ, ಆದರೆ ರಿಸೀವರ್ ‘ತಪ್ಪು 60 ಮೀಟರ್‌ವರೆಗೂ ಇರಬಹುದು’ ಎಂದು ಲೆಕ್ಕ ಹಾಕಿದೆ ಎಂದುಕೊಳ್ಳಿ. ವಿಮಾನ ಇಳಿಯದೆ ಮೇಲೇರುತ್ತದೆ, ಪ್ರಯಾಣಿಕರಿಗೆ ತಡವಾಗುತ್ತದೆ, ಆದರೆ ಇಂಟೆಗ್ರಿಟಿಗೆ ಭಂಗವಿಲ್ಲ. ಈಗ ನಿಜವಾದ ತಪ್ಪು 70 ಮೀಟರ್ ಇದ್ದು, ರಿಸೀವರ್ ‘30 ಮೀಟರ್ ಮೀರಲಾರದು’ ಎಂದು ಸುಮ್ಮನಿದೆ ಎಂದುಕೊಳ್ಳಿ. ಬಾವುಟವೂ ಇಲ್ಲ, ಗಂಟೆಯೂ ಇಲ್ಲ. ಮಾನದಂಡಗಳು ಭಯಪಡುವುದು ಈ ಎರಡನೆಯ ಸ್ಥಿತಿಗೆ. ಗಗನ್ ಮಾದರಿಯ ಒಂದು ಕೋಟಿ ಇಳಿಕೆಗಳಲ್ಲಿ ಎರಡಕ್ಕಿಂತ ಹೆಚ್ಚು ಸಲ ಇಂಥದ್ದು ಆಗುವ ಸಂಭವ ಇರಬಾರದು ಎಂಬುದು ಐಕಾವೊ ವಿಧಿಸಿರುವ ಗುರಿ.

ಕೋಟಿಗೆ ಒಂದು ಎಂಬ ಲೆಕ್ಕ ಬಂದದ್ದು ಎಲ್ಲಿಂದ

ಈ ಖಾತರಿಯ ಬೇರು 1990ರ ದಶಕದ ಆರಂಭದಲ್ಲಿದೆ. ಅಮೆರಿಕದ ಮಾನದಂಡ ಸಂಸ್ಥೆ ಆರ್‌ಟಿಸಿಎಯ 159ನೇ ವಿಶೇಷ ಸಮಿತಿ 1991ರಲ್ಲಿ ಜಿಪಿಎಸ್ ರಿಸೀವರ್‌ಗಳ ಮೊದಲ ಕನಿಷ್ಠ ಮಾನದಂಡ ಹೊರತಂದಿತು. ಮರುವರ್ಷ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಅದನ್ನು ಆಧರಿಸಿ ‘ಟಿಎಸ್‌ಒ-ಸಿ129’ ಆದೇಶ ಕೊಟ್ಟಿತು. ಆ ಹೊತ್ತಿಗೆ ಬಂದ ತಂತ್ರದ ಹೆಸರು ರೇಮ್, ಅಂದರೆ ಉಪಗ್ರಹಗಳ ಸಂಕೇತಗಳನ್ನು ರಿಸೀವರ್ ತಾನೇ ತಾಳೆ ನೋಡಿ ದೋಷ ಹಿಡಿಯುವ ಕ್ರಮ.

ಸ್ಥಾನ ಕಂಡುಕೊಳ್ಳಲು ನಾಲ್ಕು ಉಪಗ್ರಹಗಳು ಸಾಕು. ಐದನೆಯದೂ ಕಂಡರೆ ಅವುಗಳ ಹೇಳಿಕೆಗಳನ್ನು ಒಂದಕ್ಕೊಂದು ತಾಳೆ ನೋಡಬಹುದು. ಒಂದು ಉಪಗ್ರಹದ ಗಡಿಯಾರ ಕೆಟ್ಟಿದ್ದರೆ ಅದು ಹೇಳುವ ದೂರ ಉಳಿದವುಗಳಿಗೆ ಹೊಂದುವುದಿಲ್ಲ, ರಿಸೀವರ್‌ಗೆ ಅನುಮಾನ ಬರುತ್ತದೆ. ಆರನೆಯದೂ ಇದ್ದರೆ ಕೆಟ್ಟದ್ದು ಯಾವುದೆಂದು ಗುರುತಿಸಿ ಅದನ್ನು ಹೊರಗಿಡಬಹುದು. ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಿ ಸುಳ್ಳು ಹಿಡಿಯುವ ಕ್ರಮವಿದು.

ಈಗ ಗುಣಾಕಾರ. ಇಡೀ ಜಿಪಿಎಸ್ ಸಮೂಹದಲ್ಲಿ ವರ್ಷಕ್ಕೆ ಸುಮಾರು ಮೂರು ದೊಡ್ಡ ದೋಷಗಳು ಬರಬಹುದು ಎಂದು ಎಣಿಸಲಾಯಿತು. ಒಂದು ವಿಮಾನಕ್ಕೆ ಆಯಾ ಹೊತ್ತಿನಲ್ಲಿ ಕಾಣುವ ಉಪಗ್ರಹಗಳ ಮಟ್ಟಿಗೆ ಅದನ್ನು ಇಳಿಸಿದರೆ ಗಂಟೆಗೆ ಹತ್ತು ಸಾವಿರಕ್ಕೆ ಒಂದು ಎಂಬ ಸಂಭವ ಸಿಗುತ್ತದೆ. ಹಾಗೆ ಬಂದ ದೋಷವನ್ನು ರೇಮ್ ಸಾವಿರದಲ್ಲಿ ಒಂದು ಸಲಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳಲು ಬಿಡಬಾರದು ಎಂಬುದು ರಿಸೀವರ್ ತಯಾರಕರಿಗೆ ಹಾಕಿದ ಷರತ್ತು. ಹತ್ತು ಸಾವಿರಕ್ಕೆ ಒಂದನ್ನು ಸಾವಿರಕ್ಕೆ ಒಂದರಿಂದ ಗುಣಿಸಿದರೆ ಗಂಟೆಗೆ ಕೋಟಿಗೆ ಒಂದು. ಮೇಲೆ ಹೇಳಿದ ಕೋಟಿಗೆ ಎರಡು ಎಂಬುದು ಇಳಿಕೆಗಳ ಲೆಕ್ಕ, ಇದು ಹಾರಾಟದ ಗಂಟೆಗಳ ಲೆಕ್ಕ.

ಈ ಲೆಕ್ಕ ಕಾಗದದ ಮೇಲಿನದು ಮಾತ್ರವಲ್ಲ. 2004ರ ಜನವರಿ 1ರಂದು ಒಂದು ಜಿಪಿಎಸ್ ಉಪಗ್ರಹದ ಪರಮಾಣು ಗಡಿಯಾರ ಕೆಟ್ಟಿತು. ಗಡಿಯಾರದಲ್ಲಿ ಒಂದು ಮೈಕ್ರೊಸೆಕೆಂಡು ತಪ್ಪಾದರೆ ದೂರದಲ್ಲಿ 300 ಮೀಟರ್ ತಪ್ಪಾಗುತ್ತದೆ. ನೆಲದ ನಿಯಂತ್ರಣ ಕೇಂದ್ರ ಆ ಉಪಗ್ರಹವನ್ನು ‘ಬಳಸಬೇಡಿ’ ಎಂದು ಗುರುತು ಮಾಡುವಷ್ಟರಲ್ಲಿ ಸುಮಾರು ಮೂರು ಗಂಟೆ ಕಳೆದಿತ್ತು. ಆ ಅವಧಿಯಲ್ಲಿ ರೇಮ್‌ನಂಥ ಕಾವಲು ಇಲ್ಲದ ರಿಸೀವರ್‌ಗಳಿಗೆ ಎಚ್ಚರಿಕೆ ಸಿಗುವ ದಾರಿಯೇ ಇರಲಿಲ್ಲ.

ಮಾನದಂಡ ಬರೆಯುವವರು ಎದುರಿಸುವ ಇನ್ನೊಂದು ಇಕ್ಕಟ್ಟೂ ಇಲ್ಲಿ ಕಾಣುತ್ತದೆ. ಅನುಮಾನವನ್ನು ಹೆಚ್ಚಿಸಿದಷ್ಟೂ ಹುಸಿ ಎಚ್ಚರಿಕೆಗಳು ಹೆಚ್ಚುತ್ತವೆ, ಸರಿಯಾಗಿಯೇ ಇಳಿಯುತ್ತಿದ್ದ ವಿಮಾನಗಳು ಮತ್ತೆ ಮೇಲೇರುತ್ತವೆ, ಮೇಲೇರುವುದರಲ್ಲೂ ಅದರದೇ ಅಪಾಯವಿದೆ. 1992ರ ಕಾಲದಲ್ಲಿ ಅಮೆರಿಕದ ಸೇನೆ ನಾಗರಿಕ ಸಂಕೇತದ ನಿಖರತೆಯನ್ನು ಬೇಕೆಂದೇ ತಗ್ಗಿಸುತ್ತಿತ್ತು. ಆದ್ದರಿಂದ ಅಂದಿನ ರಿಸೀವರ್‌ಗಳು ದೊಡ್ಡ ತಪ್ಪನ್ನೇ ನಿರೀಕ್ಷಿಸುವಂತೆ ತಯಾರಾದವು. 2000ದ ಮೇ ತಿಂಗಳಲ್ಲಿ ಆ ಪದ್ಧತಿ ನಿಂತಿತು. ಆದರೂ ಆ ತಲೆಮಾರಿನ ಉಪಕರಣಗಳು ಹಾರಾಡುತ್ತಲೇ ಇವೆ, ಇಲ್ಲದ ತಪ್ಪನ್ನು ಲೆಕ್ಕಕ್ಕೆ ಹಿಡಿದು ಅಗತ್ಯವಿಲ್ಲದ ಕಡೆಯೂ ‘ಖಾತರಿ ಇಲ್ಲ’ ಎನ್ನುತ್ತವೆ. ಮಾನದಂಡದಲ್ಲಿ ಒಮ್ಮೆ ಸೇರಿದ ಊಹೆ ಅದರ ಕಾರಣ ಮಾಯವಾದ ಮೇಲೂ ದಶಕಗಟ್ಟಲೆ ಉಳಿಯುತ್ತದೆ.

ಗಗನ್ ನೋಡುವುದು ಏನನ್ನು

ರನ್‌ವೇ ಮೇಲೆ ನಿಖರವಾಗಿ ಇಳಿಸುವಷ್ಟು ಬಿಗಿಯಾದ ಖಾತರಿಯನ್ನು ರೇಮ್ ಒಂದೇ ಕೊಡಲಾರದು. ಗಗನ್‌ನಂಥ ವ್ಯವಸ್ಥೆಗಳು ಹುಟ್ಟಿದ್ದು ಆ ಕೊರತೆ ತುಂಬಲು. ದೆಹಲಿ, ಬೆಂಗಳೂರು, ಅಹಮದಾಬಾದ್, ಕೋಲ್ಕತ್ತ, ಜಮ್ಮು, ಗುವಾಹಟಿ, ಪೋರ್ಟ್ ಬ್ಲೇರ್, ತಿರುವನಂತಪುರ ಸೇರಿದಂತೆ 15 ಉಲ್ಲೇಖ ಕೇಂದ್ರಗಳಲ್ಲಿ ಗಗನ್‌ನ ಆಂಟೆನಾಗಳಿವೆ. ತಾವಿರುವ ಜಾಗ ಅವುಗಳಿಗೆ ಸೆಂಟಿಮೀಟರ್ ಮಟ್ಟದಲ್ಲಿ ಮೊದಲೇ ಗೊತ್ತಿರುವುದರಿಂದ ಉಪಗ್ರಹ ಎಷ್ಟು ತಪ್ಪು ಹೇಳುತ್ತಿದೆ ಎಂಬುದು ತಿಳಿಯುತ್ತದೆ. ಈ ಮಾಹಿತಿ ಬೆಂಗಳೂರಿನ ಕುಂದಲಹಳ್ಳಿಯ ನಿಯಂತ್ರಣ ಕೇಂದ್ರಕ್ಕೆ ಬರುತ್ತದೆ. ಅಲ್ಲಿ ತಿದ್ದುಪಡಿಯೂ ಅದರ ಖಾತರಿಯೂ ಸಿದ್ಧವಾಗಿ ಜಿಸ್ಯಾಟ್-8, ಜಿಸ್ಯಾಟ್-10ರಂಥ ಭೂಸ್ಥಿರ ಉಪಗ್ರಹಗಳ ಮೂಲಕ ವಿಮಾನಗಳಿಗೆ ತಲುಪುತ್ತದೆ.

ಭಾರತದಲ್ಲಿ ಇದು ಸುಲಭದ ಕೆಲಸವಾಗಿರಲಿಲ್ಲ. ಭೂಕಾಂತೀಯ ಸಮಭಾಜಕ ನಮ್ಮ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಮೇಲಿನ ವಾತಾವರಣದ ಅಯಾನುಗೋಳ ಇಲ್ಲಿ ಅಮೆರಿಕ, ಯುರೋಪುಗಳಿಗಿಂತ ಹೆಚ್ಚು ಅಸ್ಥಿರ. ಸೂರ್ಯಾಸ್ತದ ನಂತರ ಸಂಕೇತ ತತ್ತರಿಸುವುದೂ ಉಂಟು. ಹೊರದೇಶದ ಮಾದರಿ ಹಾಗೆಯೇ ಹೊಂದದ ಕಾರಣ ಇಸ್ರೊ ತನ್ನದೇ ಅಯಾನುಗೋಳ ಮಾದರಿ ರೂಪಿಸಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2013ರ ಡಿಸೆಂಬರ್‌ನಲ್ಲಿ ಮಾರ್ಗ ಹಾರಾಟಕ್ಕೂ 2015ರ ಏಪ್ರಿಲ್‌ನಲ್ಲಿ ಎತ್ತರದ ಮಾರ್ಗದರ್ಶನ ಸಹಿತ ಇಳಿಕೆಗೂ ಗಗನ್‌ಗೆ ಪ್ರಮಾಣಪತ್ರ ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಇಂಡಿಗೊದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ದುಬಾರಿಯಾದ ನೆಲದ ಉಪಕರಣವಿಲ್ಲದೆ ಚಿಕ್ಕ ಊರಿನ ನಿಲ್ದಾಣಕ್ಕೂ ಸುರಕ್ಷಿತ ಇಳಿಕೆ ಸಾಧ್ಯವೆಂಬುದು ಅದರಿಂದ ಸಾಬೀತಾಯಿತು. ಮಳೆಗಾಲದಲ್ಲಿ ಮೋಡ ತಗ್ಗಿ ಬರುವ ಶಿವಮೊಗ್ಗದಂಥ ನಿಲ್ದಾಣಗಳಿಗೆ ಇದರ ಬೆಲೆ ದೊಡ್ಡದು.

ಆದರೆ ಗಗನ್ ಕಾಯುವುದು ಉಪಗ್ರಹ ಮತ್ತು ಅಯಾನುಗೋಳದ ದೋಷಗಳನ್ನು. ಟಂಕಸಾಲೆಯಲ್ಲಿ ಕುಳಿತು ನಾಣ್ಯದ ತೂಕ ಪರೀಕ್ಷಿಸುವವರಿಗೆ ಪೇಟೆಯಲ್ಲಿ ಓಡಾಡುವ ಖೋಟಾ ನಾಣ್ಯ ಕಾಣುವುದಿಲ್ಲ. ಒಂದು ನಿರ್ದಿಷ್ಟ ವಿಮಾನದ ಆಂಟೆನಾಕ್ಕೆ ಬಿದ್ದದ್ದು ಉಪಗ್ರಹದ ಸಂಕೇತವೋ ನೆಲದ ಪೆಟ್ಟಿಗೆಯೊಂದರ ಸಂಕೇತವೋ ಎಂಬುದು ಗಗನ್‌ಗೆ ಗೊತ್ತಾಗುವ ದಾರಿಯಿಲ್ಲ. ಸ್ಪೂಫಿಂಗ್ ವರದಿಗಳು ಹೆಚ್ಚಾಗಿ ಬರುವ ಜಮ್ಮುವಿನಲ್ಲಿ ಉಲ್ಲೇಖ ಕೇಂದ್ರವಿದ್ದರೂ ಇದೇ ಪರಿಸ್ಥಿತಿ. 35,000 ಅಡಿ ಎತ್ತರದ ವಿಮಾನಕ್ಕೆ ಸುಮಾರು 400 ಕಿಲೋಮೀಟರ್ ದೂರದ ಪ್ರಸಾರವೂ ನೇರವಾಗಿ ತಲುಪುತ್ತದೆ, ನೆಲದ ಆಂಟೆನಾಕ್ಕೆ ಭೂಮಿಯ ಬಾಗು ಮತ್ತು ಗುಡ್ಡಗಳು ಅಡ್ಡ ಬರುತ್ತವೆ. ಗಗನ್ ‘ಉಪಗ್ರಹ ಚೆನ್ನಾಗಿದೆ’ ಎಂದು ನಿಜವನ್ನೇ ಹೇಳುತ್ತಿರುತ್ತದೆ, ವಿಮಾನ ಕೇಳುತ್ತಿರುವುದು ಮಾತ್ರ ಆ ಉಪಗ್ರಹವನ್ನಲ್ಲ.

ಗುಣಾಕಾರ ಮುರಿಯುವ ಜಾಗ

ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಭೂಮಿ ತಲುಪುವ ಸಂಕೇತದ ಬಲ ಒಂದು ವ್ಯಾಟ್‌ನ ಕೋಟಿಯ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದಷ್ಟು ಮಾತ್ರ. ಹತ್ತಿರದ ಯಾವ ಸಣ್ಣ ಪ್ರಸಾರವೂ ಅದನ್ನು ಮುಳುಗಿಸಬಲ್ಲದು. ಮುಳುಗಿಸುವುದು ಜಾಮಿಂಗ್. ಅದು ತೊಂದರೆಯೇ ಆದರೂ ರಿಸೀವರ್‌ಗೆ ಸಂಕೇತ ಹೋಯಿತೆಂಬುದು ತಿಳಿಯುತ್ತದೆ, ಬಾವುಟ ಏಳುತ್ತದೆ. ಅದೇ ರೂಪದ ಸುಳ್ಳು ಸಂಕೇತ ಕಳಿಸಿ ರಿಸೀವರ್ ಅದನ್ನೇ ನಿಜವೆಂದು ನಂಬುವಂತೆ ಮಾಡುವುದು ಸ್ಪೂಫಿಂಗ್. ನಾಗರಿಕ ಜಿಪಿಎಸ್ ಸಂಕೇತದ ರಚನೆ ಬಹಿರಂಗ, ಅದರಲ್ಲಿ ಸಹಿ ಎಂಬುದು ಇಲ್ಲ. ಗಗನ್ ಬಳಸುವುದೂ ಅದೇ 1575.42 ಮೆಗಾಹರ್ಟ್ಸ್ ಆವರ್ತನ.

ಸ್ಪೂಫರ್ ಆರೇಳು ಉಪಗ್ರಹಗಳ ಸಂಕೇತಗಳನ್ನು ಒಟ್ಟಿಗೆ ತಯಾರಿಸುತ್ತದೆ. ಅವೆಲ್ಲ ಒಂದೇ ಸುಳ್ಳು ಜಾಗಕ್ಕೆ ಹೊಂದುವಂತಿರುತ್ತವೆ. ಎಲ್ಲ ಸಾಕ್ಷಿಗಳಿಗೂ ಒಬ್ಬನೇ ಹೇಳಿಕೊಟ್ಟು ಕರೆತಂದರೆ ಪಾಟೀಸವಾಲಿನಲ್ಲಿ ವಿರೋಧ ಎಲ್ಲಿಂದ ಹುಟ್ಟಬೇಕು? ರೇಮ್ ತಾಳೆ ನೋಡುತ್ತದೆ, ಎಲ್ಲವೂ ಸರಿಯಾಗಿದೆ ಎನ್ನುತ್ತದೆ. ರಕ್ಷಣಾ ಮಟ್ಟ ಚಿಕ್ಕದಾಗಿಯೇ ಉಳಿಯುತ್ತದೆ.

ಇಲ್ಲಿ ಗುಣಾಕಾರದ ಎರಡೂ ಅಂಕಿಗಳು ಬಿದ್ದುಹೋಗುತ್ತವೆ. ತಪ್ಪಿಸಿಕೊಳ್ಳುವ ಸಂಭವ ಸಾವಿರಕ್ಕೆ ಒಂದಾಗಿ ಉಳಿಯುವುದಿಲ್ಲ. ದೋಷ ಬರುವ ಸಂಭವವೂ ಹತ್ತು ಸಾವಿರಕ್ಕೆ ಒಂದಲ್ಲ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿ ಪ್ರದೇಶದಲ್ಲಿ, ಬಹುಪಾಲು ಅಮೃತಸರ ಮತ್ತು ಜಮ್ಮುವಿನ ಸುತ್ತ, 465 ಘಟನೆಗಳು ವರದಿಯಾಗಿವೆ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಗಡಿಯಾರ ಎಷ್ಟು ಸಲ ಕೆಡುತ್ತದೆ ಎಂದು ಹಳೆಯ ದಾಖಲೆ ನೋಡಿ ಅಂದಾಜು ಮಾಡಬಹುದು. ಮನುಷ್ಯ ಬೇಕೆಂದೇ ಯಾವಾಗ, ಎಲ್ಲಿ ಸುಳ್ಳು ಸಂಕೇತ ಬಿಡುತ್ತಾನೆ ಎಂಬುದಕ್ಕೆ ಸಂಭವನೀಯತೆಯ ಅಂಕಿ ಕೊಡುವುದು ಹೇಗೆ? ಸಮಿತಿಗಳು ದಶಕಗಳಿಂದ ನೆಚ್ಚಿಕೊಂಡ ಗಣಿತಕ್ಕೆ ಇಲ್ಲಿ ಕಾಲೂರಲು ನೆಲವಿಲ್ಲ.

ಕಾಕ್‌ಪಿಟ್‌ನಲ್ಲಿ ಕಾಣುವುದು

ಹೊಸ ರೀತಿಯ ಸ್ಪೂಫಿಂಗ್ ನಾಗರಿಕ ವಿಮಾನಗಳನ್ನು ದೊಡ್ಡ ಪ್ರಮಾಣದಲ್ಲಿ ತಟ್ಟಿದ್ದು 2023ರ ಸೆಪ್ಟೆಂಬರ್ ಸುಮಾರಿಗೆ, ಇರಾಕ್ ಮತ್ತು ಇರಾನ್ ಸುತ್ತಿನ ವಾಯುಮಾರ್ಗಗಳಲ್ಲಿ. ಮೊದಲ ಸುಳಿವು ಹಲವು ಸಲ ಗಡಿಯಾರದಲ್ಲೇ ಸಿಗುತ್ತದೆ: ಕಾಕ್‌ಪಿಟ್‌ನ ಸಮಯ ಇದ್ದಕ್ಕಿದ್ದಂತೆ ಹಿಂದೆಯೋ ಮುಂದೆಯೋ ಜಿಗಿಯುತ್ತದೆ. ಗಾಳಿಯ ವೇಗ ಅಸಂಬದ್ಧ ಅಂಕಿ ತೋರಿಸುತ್ತದೆ. ನಕ್ಷೆಯ ಮೇಲಿನ ವಿಮಾನ ಪಕ್ಕಕ್ಕೆ ಸರಿಯುತ್ತದೆ. ಕೆಲವೊಮ್ಮೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ನೆಮ್ಮದಿಯಾಗಿ ಹಾರುತ್ತಿರುವಾಗಲೇ ‘ನೆಲ ಸಮೀಪಿಸಿದೆ, ಮೇಲೆತ್ತಿ’ ಎಂಬ ಕೂಗು ಕೇಳಿಸುತ್ತದೆ, ಏಕೆಂದರೆ ನೆಲದ ಎಚ್ಚರಿಕೆ ಕೊಡುವ ಉಪಕರಣವೂ ಜಿಪಿಎಸ್ ಹೇಳಿದ ಜಾಗವನ್ನೇ ನಂಬಿರುತ್ತದೆ. ಇಂಥ ಹುಸಿ ಕೂಗನ್ನು ಪದೇ ಪದೇ ಕೇಳಿದ ಪೈಲಟ್‌ಗಳು ನಿಜವಾದ ಕೂಗನ್ನೂ ಅನುಮಾನಿಸುವಂತಾಗುವುದೇ ದೊಡ್ಡ ಅಪಾಯ.

ವಿಮಾನದಲ್ಲಿ ಜಡತ್ವ ಆಧಾರಿತ ಸ್ವತಂತ್ರ ನ್ಯಾವಿಗೇಶನ್ ಉಪಕರಣವೂ ಇರುತ್ತದೆ. ಹೊರಗಿನ ಸಂಕೇತ ಅದಕ್ಕೆ ಬೇಕಿಲ್ಲ, ಗಂಟೆಗೆ ಕೆಲವು ಕಿಲೋಮೀಟರ್ ಜಾರುವುದಷ್ಟೇ ಅದರ ದೋಷ. ಆದರೆ ಹಲವು ವಿಮಾನಗಳಲ್ಲಿ ಆ ಜಾರುವಿಕೆಯನ್ನು ಜಿಪಿಎಸ್‌ನಿಂದಲೇ ಸರಿಪಡಿಸುವ ಮಿಶ್ರ ಲೆಕ್ಕ ನಡೆಯುತ್ತದೆ. ಸುಳ್ಳು ಸಂಕೇತ ಬಹಳ ಹೊತ್ತು ಇದ್ದರೆ ಆ ಲೆಕ್ಕವೂ ಕಲುಷಿತವಾಗುತ್ತದೆ, ಸ್ಪೂಫಿಂಗ್ ವಲಯ ದಾಟಿದ ಮೇಲೂ ವಿಮಾನ ಚೇತರಿಸಿಕೊಳ್ಳದೆ ಉಳಿಯಬಹುದು.

ಯಾರ ವಾದ ಏನು

ಮೊದಲ ವಾದ ರಿಸೀವರ್‌ಗಳನ್ನೇ ಜಾಣಗೊಳಿಸಬೇಕೆಂಬುದು. ಸಂಕೇತದ ಬಲ ಇದ್ದಕ್ಕಿದ್ದಂತೆ ಏರಿದರೆ, ಸಮಯ ಜಿಗಿದರೆ, ಜಡತ್ವ ಉಪಕರಣದೊಂದಿಗೆ ಹೊಂದದಿದ್ದರೆ ಜಿಪಿಎಸ್ಸನ್ನು ಬದಿಗಿಡುವುದು ಕಡ್ಡಾಯವಾಗಲಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಮೇಲಿನಿಂದ ಬರುವ ಸಂಕೇತವನ್ನೂ ಕೆಳಗಿನಿಂದ ಬರುವುದನ್ನೂ ಬೇರ್ಪಡಿಸುವ ಹಲವು ಘಟಕಗಳ ಆಂಟೆನಾಗಳು ಸೇನಾ ವಿಮಾನಗಳಲ್ಲಿ ಬಳಕೆಯಲ್ಲಿವೆ. ಅವು ದುಬಾರಿ, ನಾಗರಿಕ ವಿಮಾನಕ್ಕೆ ಅಳವಡಿಸಲು ಹೊಸ ಪ್ರಮಾಣೀಕರಣ ಬೇಕು.

ಎರಡನೆಯದು ಸಂಕೇತಕ್ಕೇ ಸಹಿ ಹಾಕುವ ದಾರಿ. ಯುರೋಪಿನ ಉಪಗ್ರಹ ನ್ಯಾವಿಗೇಶನ್ ವ್ಯವಸ್ಥೆ ಗೆಲಿಲಿಯೊ 2025ರ ಜುಲೈನಲ್ಲಿ ತನ್ನ ನಾಗರಿಕ ಸಂದೇಶಗಳಿಗೆ ಗೂಢಲಿಪಿಯ ದೃಢೀಕರಣ ಸೇವೆಯನ್ನು ಅಧಿಕೃತವಾಗಿ ಆರಂಭಿಸಿತು. ಗಗನ್‌ಗೂ ಅಂಥದ್ದನ್ನು ಸೇರಿಸಬಹುದೇ? ಸೇರಿಸಬಹುದು, ಆದರೆ ಗಗನ್ ಮಾದರಿಯ ಸಂದೇಶದ ವೇಗ ಸೆಕೆಂಡಿಗೆ 250 ಬಿಟ್ ಮಾತ್ರ. ಆ ಸಣ್ಣ ಕೊಳವೆಯಲ್ಲಿ ತಿದ್ದುಪಡಿ, ಎಚ್ಚರಿಕೆಗಳ ಜೊತೆಗೆ ಸಹಿಗೂ ಜಾಗ ಹೊಂದಿಸಬೇಕು. ಇದಲ್ಲದೆ ಸಹಿ ಕಾಯುವುದು ಸಂದೇಶವನ್ನು. ನಿಜವಾದ ಸಂಕೇತವನ್ನೇ ಹಿಡಿದು ತುಸು ತಡಮಾಡಿ ಮರುಪ್ರಸಾರ ಮಾಡಿದರೆ ಸಹಿ ಸರಿಯಾಗಿಯೇ ಇರುತ್ತದೆ, ದೂರ ಮಾತ್ರ ತಪ್ಪಾಗುತ್ತದೆ.

ಜಿಪಿಎಸ್ ಬದಲು ನಮ್ಮದೇ ಉಪಗ್ರಹ ನ್ಯಾವಿಗೇಶನ್ ವ್ಯವಸ್ಥೆಯಾದ ನಾವಿಕ್ ಇದ್ದರೆ ಈ ತೊಂದರೆ ಇರುತ್ತಿರಲಿಲ್ಲ ಎಂಬ ಮಾತೂ ಕೇಳಿಬರುತ್ತಿದೆ. ಹೆಚ್ಚು ಉಪಗ್ರಹ ಸಮೂಹಗಳಿದ್ದಷ್ಟೂ ಸ್ಪೂಫರ್‌ನ ಕೆಲಸ ಕಷ್ಟವಾಗುವುದು ನಿಜ. ಆದರೆ ನಾವಿಕ್ ಸಂಕೇತವೂ ವಿಮಾನ ತಲುಪುವಾಗ ಅಷ್ಟೇ ದುರ್ಬಲ. 2025ರ ಜನವರಿಯಲ್ಲಿ ಉಡಾಯಿಸಿದ ನಾವಿಕ್ ಉಪಗ್ರಹ ಎನ್‌ವಿಎಸ್-02 ಉದ್ದೇಶಿತ ಕಕ್ಷೆಗೆ ಏರದ ಕಾರಣ ಆ ಸಮೂಹವನ್ನು ಬಲಪಡಿಸುವ ಕೆಲಸಕ್ಕೂ ಹಿನ್ನಡೆಯಾಗಿದೆ.

ವಿಮಾನಯಾನ ಕಂಪನಿಗಳ ಆತಂಕ ಹಣ ಮತ್ತು ಸಮಯದ್ದು. ಗಗನ್ ರಿಸೀವರ್ ಹಾಕಿಸಿ ಎಂದು ಒಂದು ನಿಯಮ, ಕೆಲವೇ ವರ್ಷಗಳಲ್ಲಿ ಎರಡು ಆವರ್ತನ ಮತ್ತು ಹಲವು ಸಮೂಹಗಳನ್ನು ಬಳಸುವ ಹೊಸ ರಿಸೀವರ್ ಹಾಕಿಸಿ ಎಂದು ಇನ್ನೊಂದು ನಿಯಮ ಬಂದರೆ ಎರಡು ಸಲ ವೆಚ್ಚ ತೆರಬೇಕು. ಈ ಹೊಸ ತಲೆಮಾರಿಗೆ ಬೇಕಾದ ನಿಯಮಗಳು 2023ರಲ್ಲಿ ಐಕಾವೊ ಅನುಬಂಧಕ್ಕೆ ಸೇರಿರುವುದರಿಂದ ಈ ಆತಂಕ ಕೇವಲ ನೆಪವಲ್ಲ. ಅದೇ ಹೊತ್ತಿನಲ್ಲಿ, ಸ್ಪೂಫಿಂಗನ್ನು ಗಗನ್ ತಡೆಯಲಾರದು ಎಂಬ ಕಾರಣಕ್ಕೆ ಗಗನ್ನೇ ಬೇಡವೆನ್ನುವುದೂ ತಪ್ಪು ತರ್ಕ. ಅಯಾನುಗೋಳ ತತ್ತರಿಸುವುದೂ ಗಡಿಯಾರ ಕೆಡುವುದೂ ನಿಂತಿಲ್ಲ.

ನೆಲದ ಉಪಕರಣ ಕಿತ್ತರೆ ಆಗುವುದೇನು

ದೆಹಲಿಯ ಘಟನೆಯಲ್ಲಿ ತೊಂದರೆಯಾದದ್ದು 10ನೇ ರನ್‌ವೇಗೆ ಬರುತ್ತಿದ್ದ ವಿಮಾನಗಳಿಗೆ ಮಾತ್ರ. ಆ ರನ್‌ವೇಯ ಐಎಲ್‌ಎಸ್, ಅಂದರೆ ರೇಡಿಯೊ ಕಿರಣದಿಂದ ವಿಮಾನವನ್ನು ಇಳಿಸುವ ನೆಲದ ಉಪಕರಣ, ಮಂಜಿನಲ್ಲೂ ಇಳಿಸುವಂತೆ ಮೇಲ್ದರ್ಜೆಗೇರಿಸುವ ಕೆಲಸಕ್ಕಾಗಿ ಆಗ ಸ್ಥಗಿತಗೊಂಡಿತ್ತು. ಹಾಗಾಗಿ ಜಿಪಿಎಸ್ ಇಳಿಕೆಯೇ ಆಧಾರವಾಗಿತ್ತು.

ಇದೇ ಪಾಠವನ್ನು ಎಸ್ಟೋನಿಯಾದ ಟಾರ್ಟು 2024ರಲ್ಲಿ ಕಲಿತಿತ್ತು. ಅಲ್ಲಿ ಇಳಿಕೆಗೆ ಜಿಪಿಎಸ್ ಒಂದನ್ನೇ ನೆಚ್ಚಿದ್ದರಿಂದ, ಅಡಚಣೆ ಹೆಚ್ಚಾದಾಗ ಫಿನ್‌ಏರ್ ಏಪ್ರಿಲ್ ಕೊನೆಯಿಂದ ಸುಮಾರು ಒಂದು ತಿಂಗಳು ಆ ಊರಿಗೆ ಹಾರಾಟವನ್ನೇ ನಿಲ್ಲಿಸಿತು. ಜಿಪಿಎಸ್ ಬೇಡದ ಇಳಿಕೆಯ ಕ್ರಮ ಸಿದ್ಧವಾದ ಮೇಲೆ ಮತ್ತೆ ಆರಂಭಿಸಿತು.

ಉಪಗ್ರಹವಿರುವಾಗ ನೆಲದ ಉಪಕರಣಗಳ ನಿರ್ವಹಣೆ ಅನಗತ್ಯ ಖರ್ಚು ಎಂಬ ವಾದ ಕಳೆದ ಎರಡು ದಶಕಗಳಲ್ಲಿ ಹಲವು ದೇಶಗಳಲ್ಲಿ ಬಲವಾಗಿತ್ತು. ಅದೃಷ್ಟಕ್ಕೆ ಭಾರತ ಕನಿಷ್ಠ ನೆಲ ಜಾಲವನ್ನು ಉಳಿಸಿಕೊಂಡಿದೆ, ದೆಹಲಿಯ ಇತರ ರನ್‌ವೇಗಳಿಗೆ ತೊಂದರೆಯಾಗದೆ ಉಳಿದದ್ದೂ ನೆಲದ ಉಪಕರಣಗಳಿಂದಲೇ. ಇನ್ನು ಮುಂದೆ ಐಎಲ್‌ಎಸ್ ದುರಸ್ತಿಗೆ ದಿನ ಗೊತ್ತು ಮಾಡುವಾಗಲೂ ಜಿಪಿಎಸ್ ಕೈಕೊಡಬಹುದೆಂಬ ಲೆಕ್ಕ ಇಟ್ಟುಕೊಳ್ಳಬೇಕಾಗುತ್ತದೆ. ಕಿಶನ್‌ಗಢದಂಥ ಚಿಕ್ಕ ನಿಲ್ದಾಣಗಳಿಗೆ ಗಗನ್ ಇಳಿಕೆ ಕೊಡುವಾಗ, ಸಂಕೇತ ಹಾಳಾದರೆ ಸಮೀಪದಲ್ಲಿ ಯಾವ ಐಎಲ್‌ಎಸ್ ನಿಲ್ದಾಣಕ್ಕೆ ಹೋಗಬೇಕು, ಅಷ್ಟಕ್ಕೆ ಇಂಧನ ಇದೆಯೇ ಎಂಬುದೂ ನಿಯಮದ ಭಾಗವಾಗಬೇಕು.

ಮುಂದಿನ ದಾರಿ

ಡಿಜಿಸಿಎ 2025ರ ನವೆಂಬರ್‌ನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಪೈಲಟ್‌ಗಳೂ ವಾಯು ಸಂಚಾರ ನಿಯಂತ್ರಕರೂ ಜಿಪಿಎಸ್‌ನ ಅಸಹಜ ವರ್ತನೆಯನ್ನು 10 ನಿಮಿಷಗಳೊಳಗೆ ವರದಿ ಮಾಡಬೇಕು. ಇದು ಸಣ್ಣ ಕಾಗದಪತ್ರದ ಕೆಲಸದಂತೆ ಕಂಡರೂ ಮಾನದಂಡದ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳದ್ದು. ಸುಳ್ಳು ಸಂಕೇತದ ಸಂಭವಕ್ಕೆ ಸೂತ್ರದಿಂದ ಅಂಕಿ ಸಿಗದಿದ್ದಾಗ, ಎಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತು, ಯಾವ ರಿಸೀವರ್ ಮೋಸಹೋಯಿತು, ಯಾವುದು ಹೋಗಲಿಲ್ಲ ಎಂಬ ದಾಖಲೆಯೇ ಸಮಿತಿಗಳಿಗೆ ಸಿಗುವ ಗಟ್ಟಿ ಆಧಾರ. ಆ ವರದಿಗಳನ್ನು ಸುರಕ್ಷತೆಯ ಹೆಸರಿನಲ್ಲಿ ಕಡತದಲ್ಲೇ ಮುಚ್ಚಿಡದೆ ರಿಸೀವರ್ ತಯಾರಕರಿಗೂ ಗಗನ್ ಎಂಜಿನಿಯರುಗಳಿಗೂ ಒದಗಿಸಬೇಕು.

ಕಾಲಾವಕಾಶವೂ ಹೆಚ್ಚಿಲ್ಲ. ಪ್ರಯಾಣಿಕ ವಿಮಾನವೊಂದು 20ರಿಂದ 25 ವರ್ಷ ಹಾರುತ್ತದೆ. ಭಾರತದ ಕಂಪನಿಗಳು ಈಗ ನೂರಾರು ಸಂಖ್ಯೆಯಲ್ಲಿ ತರಿಸಿಕೊಳ್ಳುತ್ತಿರುವ ವಿಮಾನಗಳು ಇಂದಿನ ಮಾನದಂಡದ ರಿಸೀವರ್‌ಗಳನ್ನು ಹೊತ್ತು ಬರುತ್ತಿವೆ. ಸ್ಪೂಫಿಂಗ್ ಪರೀಕ್ಷೆಯನ್ನೂ ಒಳಗೊಂಡ ಹೊಸ ಮಾನದಂಡ ಇನ್ನು ಐದು ವರ್ಷಕ್ಕೆ ಸಿದ್ಧವಾದರೂ, ಹಳೆಯ ವಿಮಾನಗಳಿಗೆ ಅದನ್ನು ಅನ್ವಯಿಸುವ ಗಡುವನ್ನು ಡಿಜಿಸಿಎ ಈಗಲೇ ಹೇಳದಿದ್ದರೆ, ಎಲ್ಲ ಉಪಗ್ರಹಗಳೂ ಒಟ್ಟಿಗೆ ಸುಳ್ಳು ಹೇಳುವುದಿಲ್ಲ ಎಂಬ 1991ರ ಊಹೆಯನ್ನು ಹೊತ್ತ ವಿಮಾನಗಳು 2045ರಲ್ಲೂ ಅಮೃತಸರಕ್ಕೆ ಇಳಿಯುತ್ತಿರುತ್ತವೆ.